ಡ್ಯಾಶ್‌ಬೋರ್ಡ್ ಬಿಚ್ಚದೆಯೇ ಎಸಿ ವಾಸನೆ ಹೋಯಿತು

ಮಲೆನಾಡಿನಲ್ಲಿ ಕಾರು ಇಟ್ಟುಕೊಂಡವರಿಗೆ ಈ ವಾಸನೆ ಗೊತ್ತೇ ಇರುತ್ತದೆ. ಎಸಿ ಹಾಕಿದ ಕೂಡಲೇ ಮಳೆಗಾಲದಲ್ಲಿ ಒಣಗದ ಬಟ್ಟೆಯ ಮುಗ್ಗಲು ನಾತ. ಆಗುಂಬೆ ಘಾಟಿ ಇಳಿಯುವಾಗ ಗಾಜಿನ ಮಂಜು ಹೋಗಲು ಎಸಿ ಬೇಕೇ ಬೇಕು. ಹಾಕಿದರೆ ಮಗಳಿಗೆ ವಾಂತಿ.

ಎರಡು ವರ್ಷ ದುಡ್ಡು ಸುರಿದೆ. ಎಸಿ ಗಾಳಿಯ ಸಾದಾ ಫಿಲ್ಟರ್ 350, ಆಮೇಲೆ ಇದ್ದಿಲಿನ ಪದರ ಇರುವುದು 700ರ ಹತ್ತಿರ. ಸರ್ವಿಸ್‌ನಲ್ಲಿ 'ಎಸಿ ಟ್ರೀಟ್‌ಮೆಂಟ್' ಅಂತ 1,400 ತೆಗೆದುಕೊಂಡರು, ಹದಿನೈದು ದಿನ ಚೆನ್ನಾಗಿತ್ತು. ಪರ್ಫ್ಯೂಮ್ ಲೆಕ್ಕ ಬೇಡ, ಅದು ಸುಮ್ನೆ ದಂಡ. ಕೊನೆಗೆ ಡ್ಯಾಶ್‌ಬೋರ್ಡ್ ಬಿಚ್ಚಿ, ಒಳಗೆ ಗಾಳಿ ತಣ್ಣಗೆ ಮಾಡುವ ಕಾಯಿಲ್ ತೊಳೆಯಬೇಕು, ಏಳು ಸಾವಿರ ಆಗುತ್ತದೆ ಅಂದರು. ನಮ್ಮೂರಿನ ಮೆಕ್ಯಾನಿಕ್ ಕೂಡ, "ಬಿಚ್ಚದೆ ಆಗಲ್ಲ ಅಣ್ಣ" ಅಂದ. ಒಮ್ಮೆ ಬಿಚ್ಚಿದ ಡ್ಯಾಶ್‌ಬೋರ್ಡ್ ಮತ್ತೆ ಸದ್ದಿಲ್ಲದೆ ಕೂರುವುದು ಕಷ್ಟ. ನಾನು ಒಪ್ಪಲಿಲ್ಲ.

ನಡುವೆ ಲಾವಂಚದ ಬೇರನ್ನು ಫಿಲ್ಟರ್ ಹಿಂದೆ ಇಟ್ಟು ನೋಡಿದೆ. ಮೂರು ದಿನ ದೇವರ ಮನೆಯ ಹಾಗೆ ಘಮ ಘಮ. ನಾಲ್ಕನೇ ದಿನ ಬೇರಿಗೇ ಬೂಷ್ಟು. ಒಂದು ಚೂರು ಬ್ಲೋವರ್‌ಗೆ ಬಿದ್ದು ಕರಕರ ಅನ್ನತೊಡಗಿತು. ಮತ್ತೆ ಗ್ಲವ್ ಬಾಕ್ಸ್ ಬಿಚ್ಚಿದ್ದಾಯಿತು.

ಸುಳಿವು ಸಿಕ್ಕಿದ್ದು ಏಪ್ರಿಲ್‌ನಲ್ಲಿ, ಶಿವಮೊಗ್ಗದಲ್ಲಿ. ಎಸಿ ಹಾಕಿಕೊಂಡು ಯಾರಿಗೋ ಕಾಯುತ್ತಿದ್ದೆ. ಪಕ್ಕದ ಕಾರಿನಡಿ ಎಸಿಯ ನೀರು ಹರಿದು ಮಡು ಕಟ್ಟಿತ್ತು. ನನ್ನ ಕಾರಿನಡಿ ನೆಲ ಒಣ ಒಣ. ಎಡಗಡೆ ಮ್ಯಾಟ್ ಎತ್ತಿದರೆ ಕಾರ್ಪೆಟ್ ಅಡಿಯ ಸ್ಪಂಜು ಹಿಂಡುವಷ್ಟು ಒದ್ದೆ. ಫಿಲ್ಟರ್ ಎಷ್ಟು ಬದಲಿಸಿದರೇನು, ಕಾಯಿಲ್ ನೀರಲ್ಲೇ ಕೂತಿತ್ತು ಅಲ್ವಾ!

ಕಾರನ್ನು ಜಾಕ್ ಮಾಡಿ, ಸ್ಟ್ಯಾಂಡ್ ಕೊಟ್ಟು, ಕೆಳಗೆ ಮಲಗಿದೆ. ಕಾಯಿಲ್ ನೀರು ಹೊರಗೆ ಹೋಗುವ ಡ್ರೈನ್ ಪೈಪ್ ಕಟ್ಟಿರಬೇಕು ಅನ್ನಿಸಿತು. ತಂತಿ ಹಾಕಿದರೆ ಅದರ ರಬ್ಬರ್ ತೂತಾಗಬಹುದು. ತೋಟದಲ್ಲಿ ಹುಲ್ಲು ಹೊಡೆಯುವ ಮಷಿನ್ನಿನ ನೈಲಾನ್ ದಾರ ಒಂದು ಗೇಣು ತುರುಕಿ ತಿರುಗಿಸಿದೆ. ಮೊದಲು ಗಟ್ಟಿ ಮಣ್ಣಿನ ಬಿಲ್ಲೆ ಬಿತ್ತು, ಕುಂಬಾರ ಹುಳದ ಗೂಡು. ಹಿಂದೆಯೇ ಎರಡು ಚೊಂಬಿನಷ್ಟು ಕಂದು ನೀರು ತೋಳಿನುದ್ದಕ್ಕೂ ಇಳಿಯಿತು. ಆ ನಾತ ಇನ್ನೂ ಮೂಗಲ್ಲಿದೆ.

ಆಮೇಲೆ ಕಾಯಿಲ್. ಬ್ಲೋವರ್ ಮೋಟಾರ್ ಇಳಿಸಿ, ಆ ಬಾಯಿಂದ ಫೋಮ್ ಕ್ಲೀನರ್ ಬಿಟ್ಟೆ. ಎರಡು ಡಬ್ಬಿ, ಸಾವಿರದ ಹತ್ತಿರ. ಕಾಯಿಲ್‌ನ ಮೇಲಿನ ಮೂಲೆಗೂ ತಲುಪುವ ಹಾಗೆ ನಳಿಕೆ ಬಗ್ಗಿಸುವುದರಲ್ಲೇ ಕೈಚಳಕ ಇರುವುದು. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಆ್ಯಸಿಡ್ ಮಾತ್ರ ಹಾಕಬೇಡಿ, ಅಲ್ಯೂಮಿನಿಯಂ ತಿನ್ನುತ್ತದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಡ್ರೈನ್‌ನಿಂದ ಚಹಾ ಬಣ್ಣದ ನೊರೆ. ಎರಡನೇ ಡಬ್ಬಿಗೆ ಬಿಳಿ ನೊರೆ ಬಂತು. ಕಾರ್ಪೆಟ್ ಎತ್ತಿ ನಾಲ್ಕು ದಿನ ಫ್ಯಾನ್ ಗಾಳಿಗೆ ಒಣಗಿಸಿದೆ. ಹೊಸ ಫಿಲ್ಟರ್ ಸಾದಾದ್ದೇ ಹಾಕಿದೆ. ಎಲ್ಲ ಸೇರಿ 1,500 ದಾಟಲಿಲ್ಲ.

ಈಗ ಮನೆ ಎರಡು ಮೂರು ಕಿಲೋಮೀಟರ್ ಇದೆ ಅನ್ನುವಾಗ ಎಸಿ ಆಫ್ ಮಾಡಿ, ಹೊರಗಿನ ಗಾಳಿಗೆ ಹಾಕಿ ಬ್ಲೋವರ್ ಜೋರು ಮಾಡುತ್ತೇನೆ. ಕಾಯಿಲ್ ಸುಮಾರಾಗಿ ಒಣಗುತ್ತದೆ. ಕಳೆದ ವರ್ಷ ಆರಿದ್ರಾದಿಂದ ಸ್ವಾತಿ ಮಳೆವರೆಗೆ ಒಂದು ದಿನವೂ ವಾಸನೆ ಬರಲಿಲ್ಲ. ಮೆಕ್ಯಾನಿಕ್ ಬಂದು ವೆಂಟ್‌ಗೆ ಮೂಗು ಹಚ್ಚಿ ನೋಡಿ, "ಎಲ್ಲಿ ಬಿಚ್ಚಿಸಿದ್ರಿ?" ಅಂತ ಕೇಳಿದ.

ಕಾರು ನಿಲ್ಲಿಸುವುದು ಹಲಸಿನ ಮರದಡಿ. ವೈಪರ್ ಕೆಳಗೆ ಗಾಳಿ ಒಳಗೆ ಹೋಗುವ ಕಿಂಡಿಗೆ ಕಸ ಸೇರದಿರಲಿ ಅಂತ ಸೊಳ್ಳೆ ಜಾಲರಿ ಅಂಟಿಸಿದ್ದೇನೆ. ಗಾಳಿ ಸ್ವಲ್ಪ ಕಡಿಮೆಯಾದ ಹಾಗಿದೆ. ಈ ಮಳೆಗಾಲ ಕಳೆಯಲಿ, ಇಡುವುದೋ ತೆಗೆಯುವುದೋ ನೋಡುತ್ತೇನೆ.