ದಿನನಿತ್ಯದ ಗಾಳಿಗೆ ಯಾವ ಬೋರ್ಡ್? ವಿಂಡ್‌ಸರ್ಫಿಂಗ್‌ನಲ್ಲಿ ನನ್ನ ಅನುಭವ

ವಿಂಡ್‌ಸರ್ಫಿಂಗ್ ಅಂದರೆ ಹಾಯಿ ಕಟ್ಟಿದ ಬೋರ್ಡ್ ಮೇಲೆ ನಿಂತು ಗಾಳಿಯ ಬಲದಿಂದ ನೀರಿನ ಮೇಲೆ ಸಾಗುವ ಆಟ. ಅದಕ್ಕೆ ಬೋರ್ಡ್ ಕೊಳ್ಳುವವರು ಹೆಚ್ಚಾಗಿ ಜೋರು ಗಾಳಿಯ ದಿನವನ್ನೇ ಮನಸ್ಸಿನಲ್ಲಿಟ್ಟುಕೊಂಡು ಕೊಳ್ಳುತ್ತಾರೆ. ವಿಡಿಯೋಗಳಲ್ಲಿ ಕಾಣುವುದೂ ಅಂಥ ದಿನಗಳೇ ಅಲ್ವಾ? ಆದರೆ ಬಿಡುವು ಸಿಕ್ಕಾಗ ನೀರಿಗಿಳಿಯುವ ನನ್ನಂಥವರಿಗೆ ಸಾಮಾನ್ಯವಾಗಿ ಸಿಗುವುದು 6ರಿಂದ 14 ನಾಟ್ (ಗಂಟೆಗೆ ಸುಮಾರು 11ರಿಂದ 26 ಕಿ.ಮೀ.) ಗಾಳಿ. ಅದಕ್ಕೇ ಬೋರ್ಡ್ ಆರಿಸುವಾಗ ನಾನು ಕೇಳಿಕೊಳ್ಳುವುದು ಒಂದೇ ಮಾತು. ಗಾಳಿ ಕಡಿಮೆ ಇದ್ದಾಗಲೂ ಇದನ್ನು ನೀರಿಗಿಳಿಸಲು ಮನಸ್ಸಾಗುತ್ತದಾ?

ಮೊದಲು ನೋಡುವುದು ಲೀಟರ್ ಲೆಕ್ಕ. ಒಂದು ಲೀಟರ್ ಗಾತ್ರ ಸುಮಾರು ಒಂದು ಕೆಜಿ ತೂಕವನ್ನು ತೇಲಿಸುತ್ತದೆ. ನನ್ನ ತೂಕ 75 ಕೆಜಿ. ಬೋರ್ಡ್ 8 ಕೆಜಿ, ಹಾಯಿ, ಅದನ್ನು ನಿಲ್ಲಿಸುವ ಕಂಬ ಮಾಸ್ಟ್, ಕೈಯಲ್ಲಿ ಹಿಡಿಯುವ ಅಡ್ಡ ಕೋಲು ಬೂಮ್ ಸೇರಿ ಇನ್ನೊಂದು 10 ಕೆಜಿ ಅಂತ ಇಟ್ಟುಕೊಳ್ಳಿ. ಒಟ್ಟು 93 ಆಯಿತು. ಅಂದರೆ 93 ಲೀಟರ್ ಬೋರ್ಡ್ ನನ್ನನ್ನು ಮುಳುಗದ ಹಾಗೆ ಹಿಡಿದಿರುತ್ತದೆ, ಅಷ್ಟೇ. ಅದರ ಮೇಲೆ ನಿಂತು ನೀರಿನಿಂದ ಹಾಯಿ ಎತ್ತುವುದು ಬಹಳ ಕಷ್ಟ. ಆರಾಮಾಗಿ ಹಾಯಿ ಎತ್ತಬೇಕು, ಗಾಳಿ ನಿಂತರೂ ದಡ ಸೇರಬೇಕು ಅಂದರೆ ಇನ್ನೂ 30-40 ಲೀಟರ್ ಬೇಕು. ಹಾಗಾಗಿ ನನ್ನ ಮಟ್ಟಿಗೆ ಡ್ಯಾಗರ್‌ಬೋರ್ಡ್ (ನೀರೊಳಗೆ ಇಳಿಸುವ ಹಲಗೆ) ಇಲ್ಲದ ಬೋರ್ಡ್ ಆದರೆ 125 ಲೀಟರ್‌ಗಿಂತ ಕಡಿಮೆ ಇರಬಾರದು.

ಆದರೆ ಲೀಟರ್ ಒಂದನ್ನೇ ನೋಡಿದರೆ ಸಾಲದು. ಒಂದೇ ಲೀಟರ್‌ನ ಎರಡು ಬೋರ್ಡ್‌ಗಳು ಕಾಲಡಿಯಲ್ಲಿ ತೀರಾ ಬೇರೆಯಾಗಿರುತ್ತವೆ. ಅಗಲ ಜಾಸ್ತಿ ಇದ್ದರೆ ಪಕ್ಕಕ್ಕೆ ವಾಲುವುದು ಕಡಿಮೆ. ಹಿಂಭಾಗ ಅಗಲ ಇದ್ದರೆ ಬೋರ್ಡ್ ಬೇಗ ನೀರಿನ ಮೇಲಕ್ಕೆದ್ದು ಜಾರತೊಡಗುತ್ತದೆ. ಇದನ್ನೇ ಪ್ಲೇನಿಂಗ್ ಅನ್ನುತ್ತೇವೆ. ಉದ್ದ ಜಾಸ್ತಿ ಇದ್ದರೆ ಪ್ಲೇನಿಂಗ್ ಆಗದಷ್ಟು ಸಣ್ಣ ಗಾಳಿಯಲ್ಲೂ ನೀರನ್ನು ಸೀಳಿಕೊಂಡು ಚೆನ್ನಾಗಿ ಓಡುತ್ತದೆ. ಸಣ್ಣ ಗಾಳಿಯಲ್ಲಿ ಗಿಡ್ಡ, ಅಗಲದ ಬೋರ್ಡ್ ನೀರನ್ನು ತಳ್ಳುತ್ತಾ ಮಂದವಾಗಿ ಸಾಗುತ್ತದೆ.

ಈಗ ಡ್ಯಾಗರ್‌ಬೋರ್ಡ್ ವಿಷಯಕ್ಕೆ ಬರುತ್ತೇನೆ. ಬೋರ್ಡಿನ ನಡುವಿನಿಂದ ನೀರೊಳಗೆ ಇಳಿಯುವ ಈ ಹಲಗೆಯನ್ನು ತುಂಬಾ ಜನ ಕಲಿಯುವವರಿಗೆ ಮಾತ್ರ ಅಂದುಕೊಂಡಿದ್ದಾರೆ. ನನಗೆ ಅದು ಒಪ್ಪಿಗೆ ಇಲ್ಲ. ಗಾಳಿ ಹಾಯಿಯನ್ನು ಪಕ್ಕಕ್ಕೆ ತಳ್ಳುತ್ತಲೇ ಇರುತ್ತದೆ. ಆ ತಳ್ಳಾಟವನ್ನು ತಡೆಯಲು ನೀರಿನೊಳಗೆ ಏನಾದರೂ ಬೇಕು. ಬೋರ್ಡ್ ವೇಗವಾಗಿ ಓಡುತ್ತಿದ್ದರೆ ಹಿಂದಿನ ಫಿನ್ (ಬೋರ್ಡಿನ ಅಡಿಯಲ್ಲಿರುವ ರೆಕ್ಕೆ) ಒಂದೇ ಸಾಕು. ನಿಧಾನಕ್ಕೆ ಹೋಗುವಾಗ ಫಿನ್‌ಗೆ ಅಷ್ಟು ಹಿಡಿತ ಸಿಗುವುದಿಲ್ಲ. ಬೋರ್ಡ್ ಓರೆಯಾಗಿ ಜಾರುತ್ತಾ ಹೋಗುತ್ತದೆ, ನಾವು ಹೊರಟ ಜಾಗದಿಂದ ಗಾಳಿ ಬೀಸಿದ ಕಡೆಗೆ ಎಷ್ಟೋ ದೂರದಲ್ಲಿ ದಡ ಸೇರುತ್ತೇವೆ. ಡ್ಯಾಗರ್‌ಬೋರ್ಡ್ ಇಳಿಸಿದರೆ 7-8 ನಾಟ್ ಗಾಳಿಯಲ್ಲೂ ಗಾಳಿ ಬರುವ ಕಡೆಗೆ ಓರೆಯಾಗಿ ಏರುತ್ತಾ ಹೋಗಬಹುದು. ಆ ಹಿಡಿತ ಕಾಲಿಗೇ ಗೊತ್ತಾಗುತ್ತದೆ. ನನಗೆ ಇಡೀ ಆಟದಲ್ಲಿ ತುಂಬಾ ಇಷ್ಟವಾದ ಭಾಗ ಇದೇ.

ಗಾಳಿ ಏರಿ ಬೋರ್ಡ್ ಓಡತೊಡಗಿದಾಗ ಮಾತ್ರ ಅದನ್ನು ಪೂರ್ತಿ ಮೇಲೆತ್ತಬೇಕು. ಇಲ್ಲದಿದ್ದರೆ ಗಾಳಿ ಕಡೆಯ ಅಂಚು ಮೇಲೆದ್ದು ಬೋರ್ಡ್ ನಿಮ್ಮನ್ನು ಬೀಳಿಸುತ್ತದೆ. ಎತ್ತುವುದನ್ನು ಕಾಲಿನಿಂದಲೇ ಮಾಡಬೇಕು, ಕೈ ಬೂಮ್ ಬಿಡಬಾರದು. ಸ್ವಲ್ಪ ಅಭ್ಯಾಸ ಬೇಕು, ಅಷ್ಟೇ.

ಹೀಗೆ ನೋಡಿದಾಗ ನನಗೆ ಇಷ್ಟವಾದವುಗಳಲ್ಲಿ ಮೊದಲನೆಯದು ವಿಂಡ್‌ಸರ್ಫರ್ ಎಲ್‌ಟಿ. 1968ರಲ್ಲಿ ಕ್ಯಾಲಿಫೋರ್ನಿಯಾದ ಹೋಯ್ಲ್ ಶ್ವೈಟ್ಜರ್ ಮತ್ತು ಜಿಮ್ ಡ್ರೇಕ್ ಪೇಟೆಂಟ್‌ಗೆ ಅರ್ಜಿ ಹಾಕಿದ ಬೋರ್ಡಿನ ವಂಶದ್ದು ಇದು, ಈ ಕಾಲಕ್ಕೆ ಹಗುರ ಮಾಡಿದ ರೂಪ. ಉದ್ದ 366 ಸೆಂ.ಮೀ., ತೂಕ ಸುಮಾರು 15 ಕೆಜಿ, ಹಾಯಿ 5.7 ಚದರ ಮೀಟರ್. ಸಣ್ಣ ಗಾಳಿಯಲ್ಲಿ ಇದರಷ್ಟು ಖುಷಿ ಕೊಡುವ ಬೋರ್ಡ್ ನಾನು ನೋಡಿಲ್ಲ. ಮಗುವನ್ನು ಮುಂದೆ ಕೂರಿಸಿಕೊಂಡೂ ಹೋಗಬಹುದು. ತೊಂದರೆ ಏನೆಂದರೆ ಸಾಗಿಸುವುದು ಕಷ್ಟ. ಹನ್ನೆರಡು ಅಡಿಯ ವಸ್ತುವನ್ನು ಇಡಲು ಮನೆಯಲ್ಲಿ ಜಾಗವೂ ಬೇಕು.

ಅಷ್ಟು ಜಾಗ ಇಲ್ಲದವರಿಗೆ ನಾನು ಹೇಳುವುದು ಬಿಕ್ ಟೆಕ್ನೋ 293 ಅಥವಾ ಫನಾಟಿಕ್ ವೈಪರ್. ಟೆಕ್ನೋ 293 ಸೆಂ.ಮೀ. ಉದ್ದ, 79 ಸೆಂ.ಮೀ. ಅಗಲ, 205 ಲೀಟರ್. ಮಕ್ಕಳ ರೇಸ್‌ಗಳಲ್ಲಿ ವರ್ಷಗಟ್ಟಲೆ ಬಳಕೆಯಲ್ಲಿದ್ದ ಬೋರ್ಡ್. ಪೆಟ್ಟು ತಡೆದುಕೊಳ್ಳುತ್ತದೆ, ಹಳೆಯದೂ ಸುಲಭವಾಗಿ ಸಿಗುತ್ತದೆ. ವೈಪರ್‌ನ ಮೇಲ್ಭಾಗ ಮೆತ್ತಗಿರುವುದರಿಂದ ಮೊಣಕಾಲು ತರಚುವುದಿಲ್ಲ. ಮನೆಮಂದಿಯೆಲ್ಲ ಸೇರಿ ಒಂದೇ ಬೋರ್ಡ್ ಬಳಸುವುದಾದರೆ ಇದೇ ನನ್ನ ಆಯ್ಕೆ. ಎರಡಕ್ಕೂ ಡ್ಯಾಗರ್‌ಬೋರ್ಡ್ ಇದೆ, ಗಾಳಿ ಬಂದರೆ ಎರಡೂ ಪ್ಲೇನಿಂಗ್ ಆಗುತ್ತವೆ.

ಗಾಳಿ 14 ನಾಟ್ ದಾಟುವ ದಿನಕ್ಕೆ ನನ್ನ ಬಳಿ ಟಬೂ ರಾಕೆಟ್ 125 ಇದೆ. ಡ್ಯಾಗರ್‌ಬೋರ್ಡ್ ಇಲ್ಲದ ಫ್ರೀರೈಡ್ ಬೋರ್ಡ್ ಇದು, ಅಂದರೆ ರೇಸ್‌ಗಲ್ಲದೆ ಖುಷಿಗೆ ಓಡಿಸುವಂಥದ್ದು. 6.5 ಚದರ ಮೀಟರ್ ಹಾಯಿ ಕಟ್ಟಿದರೆ ಸುಮ್ನೆ ಎದ್ದು ಓಡುತ್ತದೆ, ಹೆಚ್ಚು ಒದ್ದಾಡಿಸುವುದಿಲ್ಲ. ಇದೇ ಜಾತಿಯಲ್ಲಿ ಜೆಪಿ ಎಕ್ಸೈಟ್ ರೈಡ್ ಕೂಡ ಒಳ್ಳೆಯದು. ಸ್ಟಾರ್‌ಬೋರ್ಡ್ ಗೋ ಅಗಲವಾಗಿದ್ದು ಇನ್ನೂ ಸಮಾಧಾನದ ಬೋರ್ಡ್. ಫುಟ್‌ಸ್ಟ್ರಾಪ್‌ಗಳನ್ನು (ಪಾದ ತೂರಿಸುವ ಪಟ್ಟಿಗಳನ್ನು) ಮೊದಲು ಒಳಗಿನ, ಮುಂದಿನ ತೂತುಗಳಿಗೆ ಕಟ್ಟಿ. ಹೊರ ಅಂಚಿಗೆ ಕಟ್ಟುವುದು ಪೂರ್ತಿ ವೇಗದಲ್ಲಿ ಹೋಗುವವರಿಗೆ.

ಫಿನ್ ಬಗ್ಗೆ ಜನ ಯೋಚಿಸುವುದೇ ಕಡಿಮೆ. ದೊಡ್ಡ ಹಾಯಿಗೆ ಉದ್ದ ಫಿನ್, ಚಿಕ್ಕ ಹಾಯಿಗೆ ಚಿಕ್ಕದು. ರಾಕೆಟ್‌ಗೆ 6.5 ಹಾಯಿ ಇದ್ದಾಗ ನಾನು 42 ಸೆಂ.ಮೀ. ಫಿನ್ ಹಾಕುತ್ತೇನೆ. 5.5 ಹಾಯಿಗೆ 36 ಸಾಕು. ನೀರಿನಲ್ಲಿ ಜೊಂಡು, ಪಾಚಿ ಇದ್ದರೆ ಹಿಂದಕ್ಕೆ ಬಾಗಿದ ಫಿನ್ ಬೇಕೇ ಬೇಕು. ನೇರ ಫಿನ್‌ಗೆ ಅದು ಸುತ್ತಿಕೊಂಡು ಬೋರ್ಡ್ ನಿಂತೇ ಬಿಡುತ್ತದೆ.

ಹಳೆಯ ಬೋರ್ಡ್ ಕೊಳ್ಳುವುದಾದರೆ ತಕ್ಕಡಿ ಜೊತೆಗಿರಲಿ. ಕಂಪನಿ ಹೇಳಿದ ತೂಕಕ್ಕಿಂತ ತುಂಬಾ ಜಾಸ್ತಿ ತೂಗಿದರೆ ಒಳಗೆ ನೀರು ಸೇರಿದೆ ಅನ್ನಿ. ಮಾಸ್ಟ್ ಕೂರುವ ಜಾಗ, ಹಿಮ್ಮಡಿ ಊರುವ ಜಾಗ ಎರಡನ್ನೂ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ. ಒಳಕ್ಕೆ ತಗ್ಗಿದರೆ ಕೊಳ್ಳಬೇಡಿ. ಡ್ಯಾಗರ್‌ಬೋರ್ಡನ್ನು ಹತ್ತಾರು ಸಲ ಇಳಿಸಿ ಎತ್ತಿ ನೋಡಿ, ಕೆಳಗಿನ ರಬ್ಬರ್ ಪಟ್ಟಿ ಹರಿದಿದೆಯೇ ಗಮನಿಸಿ. ರಬ್ಬರ್ ಪಟ್ಟಿ ಹೊಸದು ಹಾಕಿಸಬಹುದು, ಅದಕ್ಕಾಗಿ ಒಳ್ಳೆಯ ಬೋರ್ಡ್ ಬಿಡಬೇಕಿಲ್ಲ. ಹಲಗೆ ಕೂರುವ ಪೆಟ್ಟಿಗೆಯೇ ಬಿರುಕು ಬಿಟ್ಟಿದ್ದರೆ ಮಾತ್ರ ಬಿಟ್ಟುಬಿಡಿ.