ಮುತ್ತಜ್ಜನ ಕ್ರಯಪತ್ರವನ್ನು ಸಂತೆಯ ಲೆಕ್ಕದೊಡನೆ ಓದಿದ ಅನುಭವ

ಕೆರೆಯ ಹಿಂದಿನ ಗದ್ದೆಯನ್ನು ಮುತ್ತಜ್ಜ ಮೂರು ಕಾಸಿಗೆ ಮಾರಿಬಿಟ್ಟರು ಎಂಬ ಮಾತು ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ನಡೆದು ಬಂದಿತ್ತು. ತಿಪಟೂರು ಸೀಮೆಯ ನಮ್ಮ ಊರಿನ ಹಳೆಯ ಮನೆಯನ್ನು ಕೆಡವುವ ಮುನ್ನ ಅಟ್ಟದ ತಗಡಿನ ಪೆಟ್ಟಿಗೆಯಲ್ಲಿ ಆ ಗದ್ದೆಯ ಕ್ರಯಪತ್ರದ ನಕಲೂ, ಉದ್ದನೆಯ ಹೊಲಿಗೆ ಹಾಕಿದ, ಸಂತೆಯ ಖರ್ಚು ಬರೆದ ಎರಡು ಲೆಕ್ಕದ ಪುಸ್ತಕಗಳೂ ಸಿಕ್ಕಿದಾಗ, ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ನೋಡಿದ್ದ ನನಗೆ ಇದನ್ನೂ ಓದಿ ಮುಗಿಸಬಹುದೆಂಬ ಧೈರ್ಯವಿತ್ತು. ಆದರೆ ಲೆಕ್ಕದ ಪುಸ್ತಕಗಳ ಮೋಡಿ ಅಕ್ಷರ, ಎಂದರೆ ಹಳೆಯ ಕೂಡುಬರಹ, ನನ್ನ ಧೈರ್ಯವನ್ನು ಮೊದಲ ವಾರದಲ್ಲೇ ಇಳಿಸಿತು. ಪದಗಳ ನಡುವೆ ಬಿಡುವಿಲ್ಲದೆ, ತಲೆಕಟ್ಟನ್ನು ಮುಂದಿನ ಅಕ್ಷರಕ್ಕೆ ಎಳೆದು ಬರೆದ ಸಾಲುಗಳಲ್ಲಿ ನನಗೆ ಮೊದಲು ಗುರುತು ಸಿಕ್ಕಿದ್ದು ‘ಉಪ್ಪು’ ಎಂಬ ಒಂದೇ ಪದ. ಅದು ವಾರಕ್ಕೊಮ್ಮೆ ತಪ್ಪದೆ ಬರುತ್ತಿದ್ದುದರಿಂದ, ಆ ಕೈಬರಹದ ಉಕಾರ, ಪಕಾರಗಳನ್ನು ಅಲ್ಲಿಂದಲೇ ಕಲಿತು ಮುಂದೆ ಹೋದೆ.

ಕ್ರಯಪತ್ರ ಓದುವುದು ಅದಕ್ಕಿಂತ ಸುಲಭವಾಗಿತ್ತು, ಏಕೆಂದರೆ ಅದರ ಬಹುಪಾಲು ಎಲ್ಲ ಪತ್ರಗಳಲ್ಲಿಯೂ ಬರುವ ಮಾತೇ. ನಿಧಿ, ನಿಕ್ಷೇಪ, ಜಲ, ಪಾಷಾಣ ಮೊದಲಾದ ಅಷ್ಟಭೋಗಗಳು, ಎಂದರೆ ಜಮೀನಿನೊಡನೆ ಬರುವ ಎಂಟು ಬಗೆಯ ಹಕ್ಕುಗಳು, ಪುತ್ರಪೌತ್ರ ಪಾರಂಪರ್ಯವಾಗಿ ಅನುಭವಿಸಿಕೊಂಡು ಬರತಕ್ಕದ್ದು ಎಂಬ ಒಕ್ಕಣೆ, ನಾಲ್ಕು ದಿಕ್ಕಿನ ಚಕ್ಕುಬಂದಿ, ಕೊನೆಯಲ್ಲಿ ಸಾಕ್ಷಿಗಳ ರುಜು. ಒಬ್ಬ ಸಾಕ್ಷಿಗೆ ಅಕ್ಷರ ಬಾರದೆ, ಹೆಸರಿನ ಪಕ್ಕದಲ್ಲಿ ನೇಗಿಲಿನ ನಿಶಾನಿ ಇದೆ; ಮಸಿ ಸ್ವಲ್ಪ ಚೆಲ್ಲಿ, ನೇಗಿಲಿನ ಮೇಣಿ ಅರ್ಧ ಅಳಿಸಿದೆ. ಮೈಸೂರು ಸಂಸ್ಥಾನದಲ್ಲಿ 1863ರಿಂದ ನಡೆದ ಸರ್ವೆ ಮತ್ತು ಕಂದಾಯ ಬಂದೋಬಸ್ತಿನ ದೆಸೆಯಿಂದ ಪತ್ರದಲ್ಲಿ ಸರ್ವೆ ನಂಬರೂ, 1 ಎಕರೆ 12 ಗುಂಟೆ ತರಿ (ನೀರಾವರಿ ಜಮೀನು) ಎಂಬ ಅಳತೆಯೂ ಸ್ಪಷ್ಟವಾಗಿದ್ದವು. ಗ್ರಾಮ ನಕ್ಷೆಯೊಡನೆ ತಾಳೆ ನೋಡಲು ಒಂದು ಮಧ್ಯಾಹ್ನ ಸಾಕಾಯಿತು. ಕ್ರಯದ ಹಣ 320 ರೂಪಾಯಿ. ಕಾರಣದ ಜಾಗದಲ್ಲಿ ‘ಸಂಸಾರದ ಖರ್ಚಿಗೂ ಸಾಲ ತೀರಿಸುವುದಕ್ಕೂ’ ಎಂದಿದೆ. ಇದನ್ನು ಅಕ್ಷರಶಃ ನಂಬಬಾರದು. ಒಟ್ಟು ಕುಟುಂಬದ ಆಸ್ತಿಯನ್ನು ಯಜಮಾನ ಮಾರುವಾಗ ಕುಟುಂಬದ ಅಗತ್ಯವನ್ನು ಕಾಣಿಸದಿದ್ದರೆ ಮುಂದೆ ಮಕ್ಕಳು ತಕರಾರು ತೆಗೆಯಬಹುದೆಂದು, ಅಗತ್ಯ ಇರಲಿ ಇಲ್ಲದಿರಲಿ, ಬರೆಯುವವರು ಆ ಮಾತನ್ನು ಸೇರಿಸಿಯೇ ಸೇರಿಸುತ್ತಿದ್ದರು.

ತಾರೀಖಿನಲ್ಲಿ ನಾನು ಎಡವಿದೆ. ಪತ್ರದಲ್ಲಿರುವುದು ಕಾಳಯುಕ್ತಿ ಸಂವತ್ಸರದ ಮಾಘ ಶುದ್ಧ. ಕಾಳಯುಕ್ತಿ ಎಂದರೆ 1918 ಎಂದು ಬರೆದುಕೊಂಡು ಎರಡು ತಿಂಗಳು ಅದೇ ಲೆಕ್ಕದಲ್ಲಿ ಓದಿದೆ. ಸಂವತ್ಸರ ಯುಗಾದಿಯಿಂದ ಯುಗಾದಿಗೆ ನಡೆಯುವುದರಿಂದ ಅದರ ಮಾಘ ಬೀಳುವುದು 1919ರ ಫೆಬ್ರವರಿಯಲ್ಲಿ. ಈ ಒಂದು ವರ್ಷದ ವ್ಯತ್ಯಾಸ ಸಣ್ಣದಲ್ಲ, ಏಕೆಂದರೆ ನಡುವೆ 1918ರ ಮಳೆ ಕೈಕೊಟ್ಟಿತ್ತು, ಇನ್‌ಫ್ಲುಯೆಂಜಾ ಜ್ವರ ಬಂದುಹೋಗಿತ್ತು.

ಲೆಕ್ಕದ ಪುಸ್ತಕದಲ್ಲಿ ಹಣವನ್ನು ರೂಪಾಯಿ, ಆಣೆ, ಪೈಗಳಲ್ಲಿ ಬರೆದಿದೆ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಕಾಲು ರೂಪಾಯಿಗೊಂದರಂತೆ ನಿಂತ ಗೆರೆ, ಮಿಕ್ಕ ಆಣೆಗೊಂದರಂತೆ ಅಡ್ಡಗೆರೆ. ಇದು ರೂಢಿಯಾದ ಮೇಲೆ ಅಂಕಿಗಿಂತ ಬೇಗ ಓದಿಸಿಕೊಳ್ಳುತ್ತದೆ. ತೊಂದರೆ ಕೊಟ್ಟದ್ದು ತೂಕ. ‘ಬೆಲ್ಲ 1 ಮಣ’ ಎಂಬುದನ್ನು 80 ತೊಲದ ಪಕ್ಕಾ ಸೇರಿನ ಮಣವೆಂದು ಭಾವಿಸಿ ಸುಮಾರು 37 ಕಿಲೋ ಎಂದು ಗುರುತು ಹಾಕಿಕೊಂಡೆ. ಹಾಗಾದರೆ ಏಳು ಜನರ ಮನೆಯಲ್ಲಿ ಊಟಕ್ಕೆ ಬದಲು ಬೆಲ್ಲವನ್ನೇ ತಿನ್ನುತ್ತಿದ್ದರೆಂದಾಗುತ್ತದೆ. ನಮ್ಮ ಸೋದರತ್ತೆಗೆ ಈಗ ಎಂಬತ್ತೆಂಟು ವರ್ಷ. ಅವರ ಮುಂದೆ ಇದನ್ನು ಹೇಳಿದಾಗ, ‘ಅದು ಕಚ್ಚಾ ಮಣ ಕಣಪ್ಪ, ಒಬ್ಬರೇ ಹೊತ್ಕೊಂಡು ಬರ್ತಿದ್ರು’ ಎಂದರು. ಮೈಸೂರು ಸೀಮೆಯ ಕಚ್ಚಾ ಸೇರು 24 ತೊಲ, ಅಂಥ 40 ಸೇರಿಗೆ ಒಂದು ಮಣ. ಎಂದರೆ 11 ಕಿಲೋ ಚಿಲ್ಲರೆ. ನನ್ನ ಪಟ್ಟಿಯನ್ನೆಲ್ಲ ಮತ್ತೆ ಬರೆಯಬೇಕಾಯಿತು.

ಪುಸ್ತಕ ನಿಜವಾಗಿ ಮಾತಾಡತೊಡಗಿದ್ದು ಆಮೇಲೆ. ಆ ಮನೆಗೆ ಹಣ ಕೊಟ್ಟು ತರುತ್ತಿದ್ದ ಸಾಮಾನು ಬಹಳ ಕಡಮೆ. ಉಪ್ಪು, ಸೀಮೆಎಣ್ಣೆ, ಬೆಂಕಿಪೆಟ್ಟಿಗೆ, ಬೆಲ್ಲ, ಹೊಗೆಸೊಪ್ಪು, ಹೆಂಗಸರ ಬಳೆ. ವರ್ಷಕ್ಕೊಮ್ಮೆ ಸೀರೆ, ಪಂಚೆ. ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ. ಬಟ್ಟೆ ಒಗೆಯಲು ಚೌಳು ಮಣ್ಣು, ಮೀಯಲು ಸೀಗೆಕಾಯಿ. ಸೋಪಿನ ಸುಳಿವೇ ಇಲ್ಲ. ರಾಗಿ, ಅವರೆ, ಹುರುಳಿ, ತೆಂಗಿನಕಾಯಿ ಯಾವುದನ್ನೂ ಕೊಂಡ ಲೆಕ್ಕವಿಲ್ಲ, ಹೊಲತೋಟದ್ದೇ. 1914ರಿಂದಾಚೆಗೆ, ಯುದ್ಧದ ದೆಸೆಯಿಂದ, ಪಟ್ಟಿ ಹೆಚ್ಚುಕಡಮೆ ಅದೇ ಇದ್ದರೂ ಹಣ ಏರುತ್ತ ಹೋಗುತ್ತದೆ. ವಿಲಾಯತಿ ಬಟ್ಟೆ ಬರುವುದು ಕುಗ್ಗಿತ್ತು. 1918ರಲ್ಲಿ ಸೀರೆಯ ಸಾಲೇ ಇಲ್ಲ. ಬೆಳ್ಳಿ ರೂಪಾಯಿಗೆ ಅಭಾವ ಬಂದು ಸರ್ಕಾರ ಆ ವರ್ಷ ಹೊರಡಿಸಿದ ಎರಡು ರೂಪಾಯಿ ಎಂಟು ಆಣೆಯ ನೋಟು ಒಂದು ಕಡೆ ‘ಕಾಗದದ ಹಣ’ ಎಂದು ಪ್ರತ್ಯೇಕವಾಗಿ ನಮೂದಾಗಿದೆ. ಬರೆದವರಿಗೆ ಅದರ ಮೇಲೆ ಪೂರ್ತಿ ನಂಬಿಕೆ ಇದ್ದಂತೆ ಕಾಣುವುದಿಲ್ಲ.

ಅದೇ ಕಾಳಯುಕ್ತಿ ಸಂವತ್ಸರದ ಪುಷ್ಯ ಮಾಸದಲ್ಲಿ, ಕಣದಲ್ಲಿ ಹೊಸ ರಾಗಿ ಇರಬೇಕಾದ ಕಾಲದಲ್ಲಿ, ‘ರಾಗಿ ಕೊಂಡದ್ದು’ ಎಂಬ ಸಾಲು ಬಂದಿದೆ. ಈ ಸಾಲಿನ ಮುಂದೆ ನಾನು ಬಹಳ ಹೊತ್ತು ಕುಳಿತಿದ್ದೆ. ಕಾಳಿನ ಬೆಲೆಯನ್ನು ಆಗ ರೂಪಾಯಿಗೆ ಇಷ್ಟು ಸೇರು ಎಂದು ಬರೆಯುತ್ತಿದ್ದರು. ಅಂಕಿ ಇಳಿದರೆ ಬೆಲೆ ಏರಿತೆಂದು ಅರ್ಥ. ಆನಂದ ಸಂವತ್ಸರದಲ್ಲಿ, ಎಂದರೆ 1914-15ರಲ್ಲಿ, ನಮ್ಮವರು ರಾಗಿಯನ್ನು ಮಾರಿದ್ದು ರೂಪಾಯಿಗೆ 16 ಸೇರಿನಂತೆ. ಈಗ ಕೊಂಡದ್ದು 7 ಸೇರಿನಂತೆ. 320 ರೂಪಾಯಿ ಮೊದಲಿನ ದರದಲ್ಲಿ 5120 ಸೇರು ರಾಗಿ, ಈ ದರದಲ್ಲಿ 2240 ಸೇರು. ಗದ್ದೆಯ ಬೆಲೆಯನ್ನು ಚಿನ್ನದಲ್ಲಿ ಹೇಳುವ ಚಾಳಿ ನಮ್ಮಲ್ಲಿದೆ. ನಾನೂ ಮೊದಲು ಸವರನ್ ಎಂಬ ಚಿನ್ನದ ನಾಣ್ಯಕ್ಕೆ 15 ರೂಪಾಯಿ ಎಂದು ಭಾಗಿಸಿ ನೋಡಿದ್ದೆ. ಅದು ಯುದ್ಧಕ್ಕೆ ಮುಂಚಿನ ಸರ್ಕಾರಿ ದರ. ಯುದ್ಧಕಾಲದ ಪೇಟೆಯಲ್ಲಿ ಆ ಬೆಲೆಗೆ ಸವರನ್ನು ಸಿಗುತ್ತಿರಲಿಲ್ಲ. ಅದಕ್ಕಿಂತಲೂ ಮುಖ್ಯವಾಗಿ, ಆ ಮನೆಯಲ್ಲಿ ಚಿನ್ನದ ಲೆಕ್ಕ ಯಾರಿಗೂ ಬೇಕಿರಲಿಲ್ಲ, ರಾಗಿಯ ಲೆಕ್ಕ ಎಲ್ಲರಿಗೂ ಬೇಕಿತ್ತು.

ಆಶ್ವೀಜ, ಕಾರ್ತಿಕಗಳಲ್ಲಿ ಎರಡು ಸಲ ಉತ್ತರಕ್ರಿಯೆಯ ಖರ್ಚಿದೆ, ಹದಿನೆಂಟು ದಿನಗಳ ಅಂತರದಲ್ಲಿ. ಹೆಸರುಗಳನ್ನು ಬರೆದಿಲ್ಲ. ಅತ್ತೆಯನ್ನು ಕೇಳಿದಾಗ, ‘ನಮ್ಮಪ್ಪನಿಗೆ ಇಬ್ಬರು ಅಕ್ಕಂದಿರಿದ್ದರಂತೆ, ಜ್ವರದ ವರ್ಷ ಹೋದರಂತೆ’ ಎಂದಷ್ಟೇ ಹೇಳಿದರು. ಈ ಮಾತೂ ಗದ್ದೆ ಮಾರಿದ ಮಾತೂ ಮನೆಯಲ್ಲಿ ಯಾವತ್ತೂ ಒಟ್ಟಿಗೆ ಬಂದಿರಲಿಲ್ಲ.

ನೋಂದಣಿಯಾದ ದಿನದ ಲೆಕ್ಕ ಅರ್ಧ ಪುಟವಷ್ಟೇ ಇದೆ. ಜಮಾ 320. ಸಾಲಗಾರನಿಗೆ ಅಸಲು ಬಡ್ಡಿ ಸೇರಿ 214. ಉಳಿದದ್ದರಲ್ಲಿ ರಾಗಿ 3 ಪಲ್ಲ (ಪಲ್ಲಕ್ಕೆ ನೂರು ಸೇರು), ಬಿತ್ತನೆಗೆ ಅವರೆ, ಉಪ್ಪು. ಅದರ ಕೆಳಗೆ, ರಾಗಿ ತುಂಬಿಡಲು ಸೀಮೆಎಣ್ಣೆಯ ಖಾಲಿ ಡಬ್ಬ ಒಂದು, ನಾಲ್ಕು ಆಣೆ.