ಈ ಕೆಲಸ ಯಾಕೆ, ನೀವೇ ಯಾಕೆ: ಅರ್ಜಿಯ ಜೊತೆಗಿನ ಪತ್ರ ಬರೆಯುವ ಬಗೆ

ಖಾಸಗಿ ಲ್ಯಾಬು, ಫ್ಯಾಕ್ಟರಿ, ಆಸ್ಪತ್ರೆ, ಸ್ವಯಂಸೇವಾ ಸಂಸ್ಥೆಗಳಲ್ಲಿ ಹಲವರು ಈಗ ರೆಸ್ಯೂಮ್ ಜೊತೆಗೆ ಮೋಟಿವೇಷನ್ ಲೆಟರ್ ಅಂತ ಒಂದು ಪುಟ ಕೇಳುತ್ತಾರೆ. ಈ ಕೆಲಸವೇ ಯಾಕೆ ಬೇಕು, ಅದಕ್ಕೆ ನೀವು ಹೇಗೆ ಒದಗುತ್ತೀರಿ, ಇಷ್ಟನ್ನು ಆ ಪುಟ ಹೇಳಬೇಕು. ಕೆಪಿಎಸ್‌ಸಿ, ಕೆಇಎ ನಡೆಸುವ ಸರ್ಕಾರಿ ನೇಮಕಾತಿಗಳಿಗೆ ಇದು ಬೇಕಾಗಿಲ್ಲ. ಅಲ್ಲಿ ಅರ್ಜಿ ನಮೂನೆ ಸರಿಯಾಗಿ ತುಂಬಿ ಪರೀಕ್ಷೆಗೆ ಓದಿಕೊಳ್ಳಿ. ನಾನು ಮಂಡ್ಯದಲ್ಲಿ ಬಿಎಸ್ಸಿ ಮಕ್ಕಳಿಗೆ ಕೆಮಿಸ್ಟ್ರಿ ಪಾಠ ಮಾಡುತ್ತೇನೆ, ಕಾಲೇಜಿನ ಪ್ಲೇಸ್‌ಮೆಂಟ್ ಕೆಲಸವೂ ನನ್ನ ಮೇಲೆಯೇ ಇದೆ. ನಮ್ಮ ಮಕ್ಕಳ ಹತ್ತಿರ ಬರೆಯಲು ಬೇಕಾದಷ್ಟು ಇದೆ. ಅದನ್ನು ಬಿಟ್ಟು ಮಿಕ್ಕಿದ್ದೆಲ್ಲ ಬರೆಯುತ್ತಾರೆ, ಅದೇ ನನ್ನ ಸಂಕಟ.

ಮೊದಲು ಜಾಹೀರಾತನ್ನು ಪೆನ್ಸಿಲ್ ಹಿಡಿದು ಓದಿ. ದಿನಾ ಮಾಡಬೇಕಾದ ಕೆಲಸ ಯಾವುದೋ ಅದಕ್ಕೆ ಮಾತ್ರ ಗೆರೆ ಎಳೆಯಿರಿ. ‘ಡೈನಮಿಕ್’, ‘ಟೀಮ್ ಪ್ಲೇಯರ್’ ಎಲ್ಲ ಜಾಹೀರಾತಿನಲ್ಲೂ ಇರುತ್ತವೆ, ಅವನ್ನು ದಾಟಿ ಹೋಗಿ. ಮಾದರಿಗಳ ಪರೀಕ್ಷೆ, ದಾಖಲೆ ಬರೆಯುವುದು, ಪಾಳಿ ಕೆಲಸ ಎಂದಿದ್ದರೆ ಆ ಮೂರೇ ನಿಮ್ಮ ಪತ್ರದ ವಿಷಯ.

ಆಮೇಲೆ ಆ ಸಂಸ್ಥೆ ಏನು ತಯಾರಿಸುತ್ತದೆ ಎಂದು ತಿಳಿದುಕೊಳ್ಳಿ. ‘ನಿಮ್ಮ ಹೆಸರಾಂತ ಸಂಸ್ಥೆ’ ಎಂಬ ಮಾತು ಯಾರಿಗಾದರೂ ಸಲ್ಲುತ್ತದೆ. ಹಾಗಂತ ಅವರ ಚರಿತ್ರೆಯನ್ನು ಅವರಿಗೇ ಒಪ್ಪಿಸಬೇಡಿ. ಮೈಸೂರಿನ ಬಣ್ಣ ಮತ್ತು ಅರಗಿನ ಕಾರ್ಖಾನೆಯನ್ನೇ ನೋಡಿ. ಅದು 1937ರಲ್ಲಿ ಶುರುವಾಯಿತು, 1962ರ ಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಶಾಯಿ ಕೊಡುತ್ತಿದೆ. ಇದು ಅಲ್ಲಿಯ ವಾಚ್‌ಮನ್‌ಗೂ ಗೊತ್ತು. ಆ ಶಾಯಿ ಬೆಳಕಿಗೆ ಕಪ್ಪಾಗುವುದು ಸಿಲ್ವರ್ ನೈಟ್ರೇಟ್‌ನಿಂದ. ಅದೇ ಸಿಲ್ವರ್ ನೈಟ್ರೇಟನ್ನು ಕಂದು ಬಾಟಲಿಯಿಂದ ತೆಗೆದು ನೀವು ಕ್ಲೋರೈಡ್ ಟೈಟ್ರೇಷನ್, ಅಂದರೆ ದ್ರಾವಣದಲ್ಲಿ ಕ್ಲೋರೈಡ್ ಎಷ್ಟಿದೆ ಎಂದು ಅಳೆಯುವ ಪ್ರಯೋಗ, ಮಾಡಿದ್ದೀರಿ. ಶಾಯಿ, ಬಣ್ಣ ಮಾಡುವ ಯಾವ ಕಂಪನಿಗೆ ಬರೆದರೂ ಬರೆಯಬೇಕಾದ್ದು ಅವರ ಚರಿತ್ರೆಯನ್ನಲ್ಲ, ನೀವು ಮಾಡಿದ ಆ ಟೈಟ್ರೇಷನ್ನನ್ನು.

ಪಾಂಡವಪುರದ ಕಡೆಯ ಒಬ್ಬಳು ಹುಡುಗಿ ಮೈಸೂರಿನ ಆಹಾರ ಪರೀಕ್ಷಾ ಲ್ಯಾಬೊಂದಕ್ಕೆ ಪತ್ರ ಬರೆದು ತಂದಿದ್ದಳು. ‘ನಾನು ಶ್ರಮಜೀವಿ, ಪ್ರಾಮಾಣಿಕಳು, ಹೊಸದನ್ನು ಕಲಿಯುವ ಉತ್ಸಾಹವಿದೆ.’ “ಏನಮ್ಮ, ಆಹಾರದ ಲ್ಯಾಬೇ ಯಾಕೆ?” ಅಂದೆ. “ನಂಗೆ ಎಕ್ಸ್‌ಪೀರಿಯೆನ್ಸ್ ಇಲ್ವಲ್ಲ ಮಿಸ್, ಇನ್ನೇನ್ ಬರೀಲಿ?” ಅಂದಳು. ಮನೆ ಕಡೆ ವಿಚಾರಿಸಿದರೆ ದೊಡ್ಡಪ್ಪನದು ಆಲೆಮನೆ! ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯುವಾಗ ಸುಣ್ಣ ಯಾಕೆ ಹಾಕುತ್ತಾರೆ, ಬೆಂಡೆ ಗಿಡದ ಲೋಳೆ ಕೊಳೆಯನ್ನು ಹೇಗೆ ಮೇಲಕ್ಕೆ ತರುತ್ತದೆ, ಬೆಲ್ಲ ಬೆಳ್ಳಗಾಗಲಿ ಅಂತ ಹೈಡ್ರೋಸ್ ಯಾಕೆ ಹಾಕುತ್ತಾರೆ, ಎಲ್ಲ ಅವಳಿಗೆ ಗೊತ್ತು. ಹೈಡ್ರೋಸ್ ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್. ಅದು ಬಣ್ಣ ತೆಗೆಯುತ್ತದೆ, ಬೆಲ್ಲದಲ್ಲಿ ಸಲ್ಫರ್ ಡೈಆಕ್ಸೈಡ್ ಉಳಿಸುತ್ತದೆ. ಉಳಿದದ್ದನ್ನು ಅಳೆಯಲು ಬೇಕಾದ ಅಯೋಡಿನ್ ಟೈಟ್ರೇಷನ್ ಅವಳು ನಮ್ಮ ಲ್ಯಾಬಿನಲ್ಲೇ ಮಾಡಿದ್ದಳು. ಇಷ್ಟೆಲ್ಲ ಕೈಯಲ್ಲಿಟ್ಟುಕೊಂಡು ‘ಶ್ರಮಜೀವಿ’ ಅಂತ ಬರೆದಿದ್ದಳು. ಕೂತು ಮತ್ತೆ ಬರೆದಳು, ಮೊದಲು ಕನ್ನಡದಲ್ಲಿ:

‘ಮಂಡಿಯಲ್ಲಿ ಬೆಳ್ಳಗಿನ ಬೆಲ್ಲಕ್ಕೆ ಹೆಚ್ಚು ಬೆಲೆ, ನಮ್ಮ ದೊಡ್ಡಪ್ಪ ಹೈಡ್ರೋಸ್ ಹಾಕದೆ ಮಾಡುವ ಕಂದು ಬೆಲ್ಲಕ್ಕೆ ಕಡಿಮೆ. ಯಾವುದರಲ್ಲಿ ಎಷ್ಟು ಸಲ್ಫರ್ ಡೈಆಕ್ಸೈಡ್ ಇದೆ ಎಂದು ನೋಡಿ ಹೇಳಲಾಗದು, ಪರೀಕ್ಷೆ ಮಾಡಿಯೇ ಹೇಳಬೇಕು. ಆ ಪರೀಕ್ಷೆ ಮಾಡುವ ಕೆಲಸ ನನಗೆ ಬೇಕು. ಅಯೋಡಿನ್ ಟೈಟ್ರೇಷನ್ ಕಾಲೇಜಿನಲ್ಲಿ ಮಾಡಿದ್ದೇನೆ. ನಿಮ್ಮಲ್ಲಿರುವ ದೊಡ್ಡ ಉಪಕರಣಗಳನ್ನು ಬಳಸಿಲ್ಲ, ಕಲಿಯಬೇಕು.’

ಕೊನೆಯ ವಾಕ್ಯ ತೆಗೆಯುತ್ತೇನೆ ಅಂದಳು, ನಾನು ಬಿಡಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆದವಳು ರಿಪೋರ್ಟಿನಲ್ಲೂ ನಿಜವಾದ ಅಂಕಿಯನ್ನೇ ಬರೆಯುತ್ತಾಳೆ. ಲ್ಯಾಬಿನವರಿಗೆ ಬೇಕಾದ ಮನುಷ್ಯರು ಅಂಥವರು.

ಎಲ್ಲರ ಮನೆಯಲ್ಲೂ ಆಲೆಮನೆ ಇರಬೇಕಾಗಿಲ್ಲ. ಐಟಿಐ ಮುಗಿಸಿ ಮೈಸೂರಿನ ಕೂರ್ಗಳ್ಳಿಯ ಫ್ಯಾಕ್ಟರಿಗಳಿಗೆ ಅರ್ಜಿ ಹಾಕುವ ಹುಡುಗ ಗದ್ದೆಯ ಪಂಪ್‌ಸೆಟ್ ಬಿಚ್ಚಿ ಬೇರಿಂಗ್ ಬದಲಿಸಿರುತ್ತಾನೆ. ಯಾವ ಸದ್ದು ಕೇಳಿ ಬೇರಿಂಗ್ ಹೋಗಿದೆ ಎಂದು ಗೊತ್ತಾಯಿತು, ಅದನ್ನು ಬರೆಯಲಿ. ಚಾಟ್‌ಜಿಪಿಟಿಗೆ ಆ ಸದ್ದು ಗೊತ್ತಿಲ್ಲ. ಇಂಗ್ಲಿಷ್‌ನ ತಪ್ಪು ತಿದ್ದಿಸಿಕೊಳ್ಳಲು ಅದನ್ನು ಬಳಸಿ, ವಿಷಯ ಮಾತ್ರ ನಿಮ್ಮದೇ ಇರಲಿ.

ಮನೆಯ ಕಷ್ಟ ಬರೆಯುವವರು ಬಹಳ ಮಂದಿ. ಅಪ್ಪನ ಸಾಲ, ಅಕ್ಕನ ಮದುವೆ, ನಾಲೆಗೆ ನೀರು ಬಿಡದೆ ಒಣಗಿದ ಬೆಳೆ. ಓದುವಾಗ ನನ್ನ ಹೊಟ್ಟೆಯೂ ಉರಿಯುತ್ತದೆ. ಆದರೂ ಈ ಪತ್ರದಲ್ಲಿ ಅದು ಬೇಡ ಮಕ್ಕಳೇ. ನೀವು ಕೇಳುತ್ತಿರುವುದು ಸಹಾಯವನ್ನಲ್ಲ, ದುಡಿಮೆಯನ್ನು. ಓದಿನ ಜೊತೆಗೆ ಬೆಳಗಿನ ಜಾವ ಎದ್ದು ಹಾಲು ಕರೆದು ಡೈರಿಗೆ ಹಾಕಿ ಬರುತ್ತಿದ್ದರೆ ಅದನ್ನು ಖಂಡಿತ ಬರೆಯಿರಿ, ಅದು ಸಮಯಕ್ಕೆ ಸರಿಯಾಗಿ ಮಾಡಿದ ಕೆಲಸ.

ನಮ್ಮ ಕಡೆಯವರು ಮರೆಯುವ ಇನ್ನೊಂದು ವಿಷಯ ಇದೆ. ಹೊಸಬರು ಕೆಲಸ ಕಲಿತು ಬೆಂಗಳೂರಿಗೆ ಹೋಗಿಬಿಡುತ್ತಾರೆ ಎಂಬ ಭಯ ಮೈಸೂರಿನ ಎಚ್‌ಆರ್‌ಗಳಿಗೆ ಇದ್ದೇ ಇದೆ. ಮಂಡ್ಯದಿಂದ ಮೈಸೂರು ಸುಮಾರು 45 ಕಿ.ಮೀ. ಟ್ರೈನ್‌ನಲ್ಲಿ ಓಡಾಡುತ್ತೀರೋ, ಪಿಜಿಯಲ್ಲಿ ಇರುತ್ತೀರೋ, ರಾತ್ರಿ ಪಾಳಿ ಬಂದರೆ ಏನು ಏರ್ಪಾಡು? ಇದನ್ನು ಮನೆಯಲ್ಲಿ ಮೊದಲೇ ಮಾತಾಡಿ, ಒಂದೇ ಸಾಲಿನಲ್ಲಿ ಬರೆಯಿರಿ. ಹೆಣ್ಣುಮಕ್ಕಳು ಈ ಸಾಲನ್ನು ಮರೆಯಲೇಬೇಡಿ, ನಿಮ್ಮ ಬಗ್ಗೆ ಅವರೇ ಏನೋ ಊಹಿಸಿಕೊಳ್ಳಲು ಜಾಗ ಕೊಡಬೇಡಿ.

ಉಳಿದದ್ದು ಸುಲಭ. ಒಂದೇ ಪುಟ ಸಾಕು. ಮೇಲೆ ಹುದ್ದೆಯ ಹೆಸರು, ಜಾಹೀರಾತಿನ ಸಂಖ್ಯೆ ಇದ್ದರೆ ಅದೂ ಇರಲಿ. ರೆಸ್ಯೂಮ್‌ನಲ್ಲಿರುವ ಅಂಕಗಳನ್ನು ಮತ್ತೆ ಬರೆಯಬೇಡಿ. ಇಂಗ್ಲಿಷ್ ವಾಕ್ಯ ಚಿಕ್ಕದಾಗಿರಲಿ. ಗಟ್ಟಿಯಾಗಿ ಓದಿ, ನಾಲಿಗೆ ತೊಡರಿದಲ್ಲಿ ತಿದ್ದಿ. ಇನ್ನೊಂದು ಕಂಪನಿಯ ಹೆಸರು ಎಲ್ಲೂ ಉಳಿದಿಲ್ಲ ಎಂದು ನೋಡಿಕೊಂಡು ಪಿಡಿಎಫ್ ಮಾಡಿ ಕಳಿಸಿ, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಇಂಟರ್‌ವ್ಯೂನಲ್ಲಿ ಪ್ರಶ್ನೆಗಳು ಹುಟ್ಟುವುದು ಅದರಿಂದಲೇ. ಟೈಟ್ರೇಷನ್ ಅಂತ ಬರೆದಿದ್ದರೆ ಹಿಂದಿನ ರಾತ್ರಿ ಅದರ ಸಮೀಕರಣವನ್ನು ಪುಸ್ತಕ ನೋಡದೆ ಒಮ್ಮೆ ಬರೆದು ನೋಡಿ.